ಗೆದ್ದರೆ ಒಂದು, ಸೋತರೆ ಒಂದು

ನಮ್ಮಪ್ಪನಿಗೆ ಅಭಿಪ್ರಾಯವಿಲ್ಲದ ವಿಷಯ ಭೂಮಿಯ ಮೇಲಿಲ್ಲ. ಬಜೆಟ್ಟಿನಿಂದ ಹಿಡಿದು ಬೂಟಿನ ಲಾಡಿಯವರೆಗೆ ಎಲ್ಲದಕ್ಕೂ ಅವರ ಹತ್ತಿರ ಒಂದು ಮಾತು ತಯಾರಿರುತ್ತದೆ. ಪ್ರತಿ ಸೋಮವಾರ ಪತ್ರಿಕೆಯ ಕೊನೆಯ ಪುಟದಲ್ಲಿ ಅವರ ಅಂಕಣ, ಅರ್ಧ ರಾಜಕೀಯ, ಅರ್ಧ ಫುಟ್‌ಬಾಲ್. ವೋಟು ಹಾಕುವವನೂ ಟಿಕೆಟ್ ಕೊಳ್ಳುವವನೂ ಒಬ್ಬನೇ, ಅವನಿಗಿರುವುದು ಬೇಲಿಯಾಚೆ ನಿಂತು ಕೂಗುವ ಹಕ್ಕು ಮಾತ್ರ ಎಂದು ಅವರು ಎಂದೋ ಬರೆದದ್ದನ್ನು ಜನ ಇವತ್ತಿಗೂ ತಮ್ಮದೇ ಮಾತು ಎಂಬಂತೆ ಹೇಳುತ್ತಾರೆ. ಮಂತ್ರಿಗಳನ್ನು ಬಯ್ಯುವುದರಲ್ಲಿ ಅವರದು ಎತ್ತಿದ ಕೈ. ನಾನು ಓದಲು ಕಲಿತದ್ದೇ ಆ ಬೈಗುಳಗಳನ್ನು ಓದಿ.

ಕಣ್ಣಿನ ಆಪರೇಷನ್ ಆದಮೇಲೆ ಡಾಕ್ಟರು ಕಂಪ್ಯೂಟರ್ ಮುಂದೆ ಕೂರಬೇಡಿ ಎಂದರು. ಅಲ್ಲಿಂದ ಭಾನುವಾರ ಮಧ್ಯಾಹ್ನ ನಾನು ಹೋಗಿ ಕೂರುವುದು, ಅವರು ಕಪ್ಪು ಕನ್ನಡಕ ಹಾಕಿಕೊಂಡು ಹಾಲಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತ ಹೇಳುವುದು, ನಾನು ಟೈಪ್ ಮಾಡುವುದು. ವಾರವಿಡೀ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೇರೆಯವರ ಸಕ್ಕರೆ, ಉಪ್ಪು ಅಳೆಯುವವಳಿಗೆ ಭಾನುವಾರ ಈ ಖಾರದ ಕೆಲಸ. ಬೇಸರವಿರಲಿಲ್ಲ. ಅಪ್ಪನ ಬಾಯಿಂದ ವಾಕ್ಯ ಬರುವುದನ್ನು ಹತ್ತಿರದಿಂದ ನೋಡುವುದು ನನಗೆ ಇಷ್ಟವಾಗಿತ್ತು.

ನನ್ನ ಗಂಡ ಊರಿನ ಕ್ಲಬ್ಬಿನ ಗೋಲ್‌ಕೀಪರ್. ನಾವಿರುವುದು ಕ್ಲಬ್ಬಿನದೇ ಕ್ವಾರ್ಟರ್ಸ್. ಇವರ ಅಣ್ಣ, ನನ್ನ ಭಾವ, ನಮ್ಮ ಜೊತೆಯಲ್ಲೇ ಇದ್ದಾರೆ. ಭಾವ ಬಸ್ ಡ್ರೈವರ್ ಆಗಿದ್ದರು. ಡ್ರೈವರುಗಳ ಮುಷ್ಕರದಲ್ಲಿ ಪೊಲೀಸರು ಹೊಡೆದ ಏಟಿಗೆ ಅವರ ಬಲ ಮೊಣಕಾಲು ಪುಡಿಯಾಯಿತು. ಈಗ ಆ ಕಾಲು ಮಡಿಸಲು ಬರುವುದಿಲ್ಲ, ಚಾಚಿಕೊಂಡೇ ಕೂರಬೇಕು. ಬಸ್ಸು ಓಡಿಸೋದು ಬಿಟ್ಟು ಬಾಯಿ ಓಡಿಸಿದರೆ ಹೀಗೇ ಆಗುವುದು ಎಂದು ಆಗಿನ ಸಾರಿಗೆ ಮಂತ್ರಿ ಟಿವಿಯಲ್ಲಿ ನಕ್ಕಿದ್ದ.

ಅದೇ ಮಂತ್ರಿ ಈ ವರ್ಷ ನಮ್ಮ ಕ್ಲಬ್ಬಿನ ಅಧ್ಯಕ್ಷನಾದ. ಚೆಂಡು ಗುಂಡಗಿದೆಯೋ ಚೌಕವಾಗಿದೆಯೋ ಅವನಿಗೆ ಗೊತ್ತಿಲ್ಲ, ಆದರೆ ಚುನಾವಣೆ ಹತ್ತಿರವಿತ್ತು. ಪ್ರಚಾರ ಸಭೆಗೆ ಎಲ್ಲ ಆಟಗಾರರೂ ಕ್ಲಬ್ಬಿನ ಜೆರ್ಸಿ ತೊಟ್ಟು ಬಂದು, ವೇದಿಕೆಯ ಮೇಲೆ ಅವನ ಅಕ್ಕಪಕ್ಕ ನಿಂತು ಕೈ ಎತ್ತಬೇಕೆಂದು ಮ್ಯಾನೇಜರ್ ಹೇಳಿಕಳಿಸಿದ. ಎಲ್ಲರೂ ಹೋದರು. ಕ್ಯಾಪ್ಟನ್ ಮಂತ್ರಿಯ ಬಲಕ್ಕೇ ನಿಂತ. ಇವರೊಬ್ಬರು ಹೋಗಲಿಲ್ಲ. ಅದಕ್ಕೆ ಭಾಷಣವನ್ನೇನೂ ಮಾಡಲಿಲ್ಲ. ಅಣ್ಣನ ಕಾಲು ಮುರಿಸಿದವನ ಪಕ್ಕ ನಿಂತು ಕೈ ಎತ್ತಲು ಆಗುವುದಿಲ್ಲ ಎಂದು ಊಟದ ಮಧ್ಯೆ ಹೇಳಿ ಸಾರು ಬಡಿಸಿಕೊಂಡರು. ಭಾವ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಆ ಹೊತ್ತು ನನ್ನ ಗಂಡನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಎದ್ದು ಅಡುಗೆಮನೆಗೆ ಹೋಗಬೇಕಾಯಿತು.

ಮರುದಿನವೇ ಮ್ಯಾನೇಜರ್ ಕರೆದು, ಕಾಂಟ್ರ್ಯಾಕ್ಟಿನ ವಿಷಯ ಕಪ್ಪಿನ ಫೈನಲ್ ಪಂದ್ಯ ಮುಗಿದಮೇಲೆ ನೋಡೋಣ ಎಂದ. ಹಾಗೆಂದರೇನೆಂದು ಎಲ್ಲರಿಗೂ ತಿಳಿಯಿತು. ಕಪ್ ಗೆದ್ದುಕೊಟ್ಟ ಗೋಲ್‌ಕೀಪರನ್ನು ಚುನಾವಣೆಯ ಹೊಸ್ತಿಲಲ್ಲಿ ಯಾರೂ ಹೊರಗೆ ಹಾಕುವುದಿಲ್ಲ. ಸೋತರೆ ನೆಪ ಸಿಕ್ಕಿತು. ಮೂವತ್ತು ದಾಟಿದ ಗೋಲ್‌ಕೀಪರಿಗೆ ಬೇರೆ ಕ್ಲಬ್ಬು ಬಾಗಿಲು ತೆರೆಯುವುದಿಲ್ಲ. ಕೆಲಸ ಹೋದರೆ ಮನೆಯೂ ಹೋಗುತ್ತದೆ.

ನಾನು ಅಪ್ಪನ ಹತ್ತಿರ ಹೋಗಿ, ಒಂದೇ ಒಂದು ಅಂಕಣ ಬರೆಯಿರಿ ಎಂದು ಕೇಳಿದೆ. ಊರಿಗೆಲ್ಲ ಬುದ್ಧಿ ಹೇಳುವವರು, ವೇದಿಕೆ ಹತ್ತದಿರುವುದು ಆಟಗಾರನ ಹಕ್ಕು ಎಂದು ನಾಲ್ಕು ಸಾಲು ಬರೆದರೆ ಕ್ಲಬ್ಬಿನವರು ಹತ್ತು ಸಲ ಯೋಚಿಸುತ್ತಾರೆ ಎಂದೆ. ಅಪ್ಪ ಕನ್ನಡಕ ತೆಗೆದು ಒರೆಸಿದರು. ಅಳಿಯನ ವಕಾಲತ್ತು ವಹಿಸಿದ ಎಂದು ಜನ ಆಡಿಕೊಳ್ಳುತ್ತಾರೆ, ಇಷ್ಟು ವರ್ಷ ಕಟ್ಟಿದ ಹೆಸರು ಒಂದು ಸೋಮವಾರಕ್ಕೆ ಮಣ್ಣುಪಾಲಾಗುತ್ತದೆ ಎಂದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಕೂತಿದ್ದವರು ಅಪ್ಪ, ನುಂಗಿಕೊಂಡೆ.

ಫೈನಲ್ ಒಂದು ಭಾನುವಾರ ಬಂತು. ಆಟ ಮುಗಿಯುವುದಕ್ಕೂ ಪುಟ ಅಚ್ಚಿಗೆ ಹೋಗುವುದಕ್ಕೂ ನಡುವೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆದ್ದರಿಂದ ದೊಡ್ಡ ಪಂದ್ಯದ ದಿನ ಅಂಕಣಕಾರರು ಮಧ್ಯಾಹ್ನವೇ ಎರಡು ಬರೆದಿಡುತ್ತಾರೆ. ಗೆದ್ದರೆ ಒಂದು, ಸೋತರೆ ಒಂದು. ಫಲಿತಾಂಶ ಬಂದಮೇಲೆ ಗೋಲುಗಳ ಸಂಖ್ಯೆ ತುಂಬಿಸಿ ಒಂದನ್ನು ಕಳಿಸುವುದು, ಇನ್ನೊಂದನ್ನು ಅಳಿಸುವುದು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಗೇಲಿ ಮಾಡುತ್ತಿದ್ದೆ. ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವ ಮೊದಲೇ ರಿಪೋರ್ಟ್ ಬರೆದರೆ ಜೈಲಿಗೆ ಹಾಕುತ್ತಾರೆ ಎಂದರೆ ಅಪ್ಪ ನಗುತ್ತಿದ್ದರು.

ಅವತ್ತು ಮೊದಲು ಗೆಲುವಿನದನ್ನು ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿಯೇ ಏರಿತು.

“ನಿನ್ನೆ ನಮ್ಮ ಗೋಲು ಕಾದವನು, ಮೊನ್ನೆ ವೇದಿಕೆ ಹತ್ತದೆ ಮನೆಯಲ್ಲೇ ಉಳಿದವನು. ಅಧಿಕಾರದ ಪಕ್ಕದಲ್ಲಿ ಏಳದ ಕೈಗಳು ಚೆಂಡಿನ ಎದುರು ಎದ್ದವು. ಇವನು ನನ್ನ ಅಳಿಯ. ಇಷ್ಟು ದಿನ ಹೇಳಿಕೊಂಡಿರಲಿಲ್ಲ, ಇವತ್ತು ಹೇಳಿಕೊಳ್ಳುತ್ತೇನೆ.”

ಟೈಪ್ ಮಾಡುತ್ತಿದ್ದಂತೆ ನನ್ನ ಕಣ್ಣು ಮಂಜಾಯಿತು. ಅಪ್ಪನೊಳಗೆ ಈ ಮಾತು ಇತ್ತಲ್ಲ, ಅಷ್ಟು ಸಾಕು ಎನಿಸಿತು. ಅವರು ನೀರು ಕುಡಿದು, ಹೊಸ ಪುಟ ತೆಗೆ ಎಂದರು. ಅದೇ ದನಿಯಲ್ಲಿ, ಅದೇ ನಡಿಗೆಯಲ್ಲಿ ಶುರುಮಾಡಿದರು.

“ಆಟಗಾರನಿಗೆ ಊರ ಉಸಾಬರಿ ಯಾಕೆ? ವೇದಿಕೆ ಹತ್ತಲೋ ಬೇಡವೋ ಎಂದು ತಲೆ ಕೆಡಿಸಿಕೊಂಡವನಿಗೆ ಚೆಂಡು ಹೇಗೆ ಕಂಡೀತು? ನಿನ್ನೆ ಇವನ ಕೈ ಗೋಲಿನಲ್ಲಿತ್ತು, ಮನಸ್ಸು ಇನ್ನೆಲ್ಲೋ ಇತ್ತು. ಇವನು ನನ್ನ ಅಳಿಯ. ಆದ್ದರಿಂದಲೇ ಹೇಳುತ್ತೇನೆ, ಹೊಸ ಕೈಗಳಿಗೆ ಜಾಗ ಬಿಡುವ ಕಾಲ ಬಂದಿದೆ.”

ನನ್ನ ಬೆರಳು ನಿಂತುಹೋಯಿತು. ಮನೆಗೆ ಬಂದರೆ ಬನ್ನಿ, ಕೂತ್ಕೊಳ್ಳಿ ಎಂದು ಬಹುವಚನದಲ್ಲಿ ಉಪಚರಿಸುವ ಅಳಿಯ ಪತ್ರಿಕೆಯಲ್ಲಿ ಇವನಾಗಿದ್ದು ಹೋಗಲಿ, ಪತ್ರಿಕೆಯ ರೂಢಿ ಅದು. ಆದರೆ ಒಬ್ಬನೇ ಮನುಷ್ಯ, ಅವನು ಮಾಡಿದ ಒಂದೇ ಕೆಲಸ, ಅದರ ಮೇಲೆ ಅಪ್ಪನಿಗೆ ಎರಡು ಅಭಿಪ್ರಾಯ.

“ಅಪ್ಪ, ಸೋತ್ರೆ ಅವರು ಮಾಡಿದ್ದು ತಪ್ಪಾಗಿಬಿಡುತ್ತಾ?”

“ಸೋತವನ ನಿಯತ್ತು ಯಾರಿಗೆ ಬೇಕಮ್ಮ? ಸೋತ ಮಾರನೇ ದಿನ ಜನ ಪೇಪರ್ ಬಿಡಿಸೋದೇ ಯಾರನ್ನ ಬೈಬೇಕು ಅಂತ ನೋಡೋಕೆ. ನಾನು ಅಳಿಯನ್ನ ಬಿಟ್ಟು ಬೇರೆಯವರನ್ನ ಬೈದ್ರೆ ಉಗೀತಾರೆ.”

ಅದನ್ನು ಹೇಳುವಾಗ ಅವರ ಮುಖದಲ್ಲಿ ಕೆಟ್ಟತನವಿರಲಿಲ್ಲ. ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಗೆದ್ದರೆ ಇದು ಹೇಗೂ ಅಳಿಸಿಹೋಗುತ್ತದೆ, ಗೆಲ್ಲುತ್ತಾರೆ ಎಂದುಕೊಂಡು ಕೊನೆಯ ಸಾಲನ್ನೂ ಟೈಪ್ ಮಾಡಿದೆ.

ಆಟವನ್ನು ಅಲ್ಲೇ ಟಿವಿಯಲ್ಲಿ ನೋಡಿದೆವು. ನೋಡಿದ್ದು ನಾನು, ಅಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಎರಡೂ ಕಡೆ ಗೋಲಿಲ್ಲದೆ ಆಟ ಮುಗಿದು ಪೆನಾಲ್ಟಿಗೆ ಹೋಯಿತು. ಇವರು ಮೊದಲನೆಯದನ್ನು ಎಡಕ್ಕೆ ಹಾರಿ ತಡೆದರು. ನಾಲ್ಕನೆಯದನ್ನೂ ತಡೆದರು. ನಾನು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಿದ್ದೆ. ಗೋಲ್‌ಕೀಪರ್ ಎರಡು ತಡೆದ ಮೇಲೆ ಸೋಲಲು ಪ್ರತಿಭೆ ಬೇಕು. ನಮ್ಮವರಿಗೆ ಅದಿತ್ತು. ಇಬ್ಬರು ನೇರವಾಗಿ ಎದುರಾಳಿ ಕೀಪರನ ಎದೆಗೇ ಹೊಡೆದರು. ಕೊನೆಯದಾಗಿ ಬಂದ ಕ್ಯಾಪ್ಟನ್, ಮಂತ್ರಿಯ ಬಲಕ್ಕೆ ನಿಂತಿದ್ದವನು, ಚೆಂಡನ್ನು ಗೋಲಿನ ಮೇಲಿಂದ ಪ್ರೇಕ್ಷಕರಿಗೆ ಕಳಿಸಿಕೊಟ್ಟ.

ಕ್ಯಾಮೆರಾ ಇವರನ್ನು ತೋರಿಸಿತು. ಗ್ಲೌಸ್ ಬಿಚ್ಚದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

ನಾನು ಕಂಪ್ಯೂಟರ್ ಮುಂದೆ ಕೂತು ಹೊಸ ಪುಟ ತೆಗೆದೆ. ಎರಡು ತಡೆದಿದ್ದಾರೆ ಅಪ್ಪ, ನೀವೇ ಕೇಳಿಸಿಕೊಂಡಿರಿ, ಹೊಸದು ಹೇಳಿ, ಬೇಗ ಟೈಪ್ ಮಾಡುತ್ತೇನೆ ಎಂದೆ. ಅಪ್ಪ ಎದ್ದು ನಿಂತರು. ಬಾಯಿ ತೆರೆದರು. ಗೋಡೆಯವರೆಗೆ ಹೋಗಿ ಬಂದರು. ಏನೂ ಬರಲಿಲ್ಲ. ಇಡೀ ಊರಿನ ಬಾಯಿಗೆ ಮಾತು ಕೊಡುತ್ತಿದ್ದ ಮನುಷ್ಯ ನಡೆದದ್ದನ್ನು ನಡೆದಂತೆ ಹೇಳಲು ಒಂದು ಸಾಲು ಸಿಗದೆ ನಿಂತಿದ್ದರು. ಅಷ್ಟರಲ್ಲಿ ಪತ್ರಿಕೆಯಿಂದ ಫೋನು ಬಂತು, ಪುಟ ಕಾಯುತ್ತಿದೆ ಎಂದು.

ಇರುವುದನ್ನೇ ಕಳಿಸು ಎಂದರು. ನಾನು ಕಳಿಸುವುದಿಲ್ಲ ಎಂದೆ, ಕಂಪ್ಯೂಟರ್ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡೆ. ಅಪ್ಪ ನನ್ನನ್ನು ಬಯ್ಯಲಿಲ್ಲ. ಫೋನಿನಲ್ಲಿದ್ದವನಿಗೇ ಬರೆದುಕೋ ಎಂದು ಹೇಳಿ ಶುರುಮಾಡಿದರು. ಆಟಗಾರನಿಗೆ ಊರ ಉಸಾಬರಿ ಯಾಕೆ ಎಂಬಲ್ಲಿಂದ ಹೊಸ ಕೈಗಳಿಗೆ ಜಾಗ ಎಂಬಲ್ಲಿಯವರೆಗೆ, ಅಲ್ಪವಿರಾಮ ಸಮೇತ, ಒಂದಕ್ಷರ ತಪ್ಪದೆ ಒಪ್ಪಿಸಿದರು. ನಡುವೆ ಒಂದೇ ಒಂದು ಸಾಲು ಹೊಸದಾಗಿ ಸೇರಿಸಿದರು: “ಎರಡು ತಡೆದದ್ದು ನಿಜ, ಆದರೆ ದೊಡ್ಡ ಗೋಲ್‌ಕೀಪರ್ ಮೂರನೆಯದನ್ನೂ ತಡೆಯುತ್ತಾನೆ.”

ಬೆಳಿಗ್ಗೆ ಇವರು ಅದನ್ನು ನಿಂತುಕೊಂಡೇ ಓದಿದರು. ಪತ್ರಿಕೆಯನ್ನು ನೀಟಾಗಿ ಮಡಿಸಿ ಭಾವನ ಕೈಗೆ ಸಿಗದಂತೆ ಬೀರುವಿನ ಮೇಲಿಟ್ಟರು. ಪ್ರಯೋಜನವಾಗಲಿಲ್ಲ. ಆ ವಾರದ ಸಭೆಯಲ್ಲಿ ಮಂತ್ರಿ ಅದನ್ನು ಮೈಕಿನಲ್ಲಿ ಓದಿ, ನಾನು ಹೇಳುತ್ತಿಲ್ಲ, ಅವನ ಮನೆಯವರೇ ಹೇಳುತ್ತಿದ್ದಾರೆ ಎಂದ. ಕ್ಲಬ್ಬಿನ ಮ್ಯಾನೇಜರ್ ಇವರಿಗೆ ಕಾಫಿ ಕೊಟ್ಟು ಕೂರಿಸಿ ಕೈ ಚೆಲ್ಲಿದ.

“ಸ್ವಂತ ಮಾವನೇ ಬರೆದ ಮೇಲೆ ನಾವೇನು ಹೇಳೋದು ಹೇಳಿ.”

ಮನೆ ಖಾಲಿ ಮಾಡಲು ತಿಂಗಳ ಕೊನೆಯವರೆಗೆ ಸಮಯ ಕೊಟ್ಟರು. ಅಪ್ಪನಿಗೆ ಆ ವಾರ ಬಂದಷ್ಟು ಫೋನು ಎಂದೂ ಬಂದಿರಲಿಲ್ಲವಂತೆ. ನೆಂಟಸ್ತಿಕೆಗೂ ಬಗ್ಗದ ಲೇಖನಿ ಎಂದು ಹೊಗಳಿದರಂತೆ. ಮಂತ್ರಿಯೂ ಫೋನ್ ಮಾಡಿದ್ದ. ಅಪ್ಪ ಎದ್ದು ನಿಂತು ಮಾತಾಡಿದರು ಎಂದು ಅವರ ಅಡುಗೆಯವಳು ನನಗೆ ಹೇಳಿದಳು. ನಾನು ಆಮೇಲೆ ಭಾನುವಾರ ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಚುನಾವಣೆಯಲ್ಲಿ ಮಂತ್ರಿ ಗೆದ್ದ. ಗೆದ್ದೆತ್ತಿನ ಬಾಲ ಹಿಡಿಯಲು ಜನ ಸಾಲುಗಟ್ಟಿದರು, ವಿಜಯೋತ್ಸವದ ಸಭೆ ಎಂದು ಬೀದಿಯಲ್ಲೆಲ್ಲ ಬ್ಯಾನರುಗಳೆದ್ದವು. ಸಭೆಯ ದಿನ ಬೆಳಿಗ್ಗೆ ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದೆ. ಇವರು ಕೋಣೆಯಲ್ಲಿ ಕ್ಲಬ್ಬಿನ ಹಳೇ ಜೆರ್ಸಿಗೆ ಇಸ್ತ್ರಿ ಹಾಕುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ. ಮ್ಯಾನೇಜರ್ ಬರಲು ಹೇಳಿದ್ದಾನೆ, ವೇದಿಕೆಯ ಮೇಲೆ ಹಿಂದಿನ ಸಾಲಿನಲ್ಲಿ ನಿಂತರೆ ಸಾಕಂತೆ, ಕಿರಿಯರಿಗೆ ಕೋಚಿಂಗ್ ಕೊಡುವ ಕೆಲಸ ಸಿಗಬಹುದಂತೆ, ಮನೆಯೂ ಉಳಿಯಬಹುದಂತೆ ಎಂದರು.

ಬೇಡ ಎಂದೆ. ಬೀದಿಯಲ್ಲಿದ್ದರೂ ಸರಿ, ಅದು ಬೇಡ ಎಂದೆ.

“ನಿಮ್ಮಪ್ಪ ಬರೆದಿದ್ದು ಸರಿಯಾಗೇ ಇದೆ. ಯೋಚನೆ ಮಾಡಿ ನೋಡ್ದೆ. ಅವತ್ತು ನನ್ನ ಮನಸ್ಸು ಅಲ್ಲಿರಲಿಲ್ಲ. ಅಷ್ಟು ಆಟ ನೋಡಿದವರು ಸುಮ್ನೆ ಬರೀತಾರಾ?”

ಎರಡು ತಡೆದ ಮನುಷ್ಯ ಹೇಳುತ್ತಿದ್ದ ಮಾತು ಇದು. ಅಪ್ಪನ ಮಾನ ಕಾಯಲೋ, ಇವರ ಮನಸ್ಸು ಇನ್ನಷ್ಟು ಮುರಿಯದಿರಲೆಂದೋ, ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಹೇಳಿದೆ. ಅದನ್ನು ಬರೆಸಿದ್ದು ಆಟ ಶುರುವಾಗುವ ಮುಂಚೆ, ಟೈಪ್ ಮಾಡಿದ್ದು ನಾನೇ, ನೀವು ಆಗಿನ್ನೂ ಬೂಟು ಕೂಡ ಹಾಕಿರಲಿಲ್ಲ ಎಂದೆ. ಗೆದ್ದರೆ ಹಾಕಲು ಇನ್ನೊಂದು ಇತ್ತು ಎಂದೂ ಹೇಳಿದೆ.

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಅದರಲ್ಲಿ ಏನಿತ್ತು?”

ನನಗೆ ಬಾಯಿಪಾಠವಾಗಿತ್ತು. ನಿನ್ನೆ ನಮ್ಮ ಗೋಲು ಕಾದವನು ಎಂಬಲ್ಲಿಂದ ಹೇಳಿದೆ. ಅಧಿಕಾರದ ಪಕ್ಕದಲ್ಲಿ ಏಳದ ಕೈಗಳನ್ನೂ ಬಿಡಲಿಲ್ಲ. ಇವನು ನನ್ನ ಅಳಿಯ, ಇವತ್ತು ಹೇಳಿಕೊಳ್ಳುತ್ತೇನೆ ಎಂಬಲ್ಲಿಗೆ ಮುಗಿಸಿದೆ. ಇವರು ಮಗುವಿನಂತೆ ಕೇಳಿಸಿಕೊಂಡರು. ಈಗ ಕೂರುತ್ತಾರೆ, ಆ ಜೆರ್ಸಿ ಬಿಸಾಡುತ್ತಾರೆ, ನಮ್ಮಪ್ಪನನ್ನು ಬಾಯಿಗೆ ಬಂದಂತೆ ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿ ಎಂದು ಆಸೆಪಟ್ಟೆ.

“ಚೆನ್ನಾಗಿದೆ,” ಎಂದರು. “ಗೆಲ್ಲಬೇಕಿತ್ತು.”

ಜೆರ್ಸಿ ತೊಟ್ಟು, ಕನ್ನಡಿ ನೋಡದೆ ತಲೆ ಬಾಚಿಕೊಂಡು ಹೊರಟರು. ಹಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಭಾವ ದಾರಿಗೆ ಅಡ್ಡವಾಗಿ ಕಾಲು ಚಾಚಿಕೊಂಡು ಕೂತಿದ್ದರು. ಕೋಣೆಯ ಮಾತೆಲ್ಲ ಅಲ್ಲಿಗೆ ಕೇಳಿಸುತ್ತದೆ. ಇವರು ಅವರ ಮುಂದೆ ಬಂದು ನಿಂತರು. ಭಾವ ಮುಖ ಎತ್ತಲಿಲ್ಲ. ಎರಡೂ ಕೈಯಿಂದ ತಮ್ಮ ಬಲಗಾಲನ್ನು ಎತ್ತಿ ಪಕ್ಕಕ್ಕಿಟ್ಟು ತಮ್ಮನಿಗೆ ದಾರಿ ಬಿಟ್ಟರು.