ಚಿಕ್ಕಪ್ಪ ಚಪ್ಪಲಿ ಹಾಕ್ಕೊಂಡ ಮೇಲೆ

ಮುಂದೆ ಕೂತ ಪಿಟೀಲಿನವನ ಕಮಾನಿನಿಂದ ಒಂದು ಎಳೆ ಬಿಟ್ಟುಕೊಂಡು ಗಾಳಿಯಲ್ಲಿ ತೇಲುತ್ತಿದೆ, ಬೆಳ್ಳಗೆ, ಬಾಚಣಿಗೆಗೆ ಸಿಕ್ಕಿಕೊಂಡ ಅಜ್ಜಿಯ ಕೂದಲಿನ ಹಾಗೆ, ಈಗ ಅದನ್ನು ಕೀಳುವ ಹಾಗಿಲ್ಲ, ಕೆಂಪು ದೀಪ ಹತ್ತಿದೆ, ಯಾರಾದರೂ ಕೆಮ್ಮಿದರೆ ಮೈಕು ಕಿವಿ ನಿಮಿರಿಸುತ್ತದೆ — ಅಜ್ಜಿ, ಎರಡು ಮೂರು ನಾಲ್ಕು, ದೊಡ್ಡಪ್ಪ, ಎರಡು ಮೂರು ನಾಲ್ಕು — ಪಿಟೀಲುಗಳು ಹೀಗೇ ಮೂವತ್ತೆರಡು ಬಾರ್ ಅಳುತ್ತವೆ, ಅಷ್ಟು ಹೊತ್ತೂ ಅವನು, ಟ್ರಂಪೆಟ್ಟಿನವನು, ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ತುಟಿ ಪಿಟಕ್ಕೆನ್ನದೆ ಕೂತಿರಬೇಕು, ಆಮೇಲೆ ಇಡೀ ಮೇಳ ಗಪ್‌ಚಿಪ್, ಎಂಟು ಬಾರ್ ಅವನೊಬ್ಬನೇ, ತುಟಿ ಹರಿದುಹೋದ ಮೇಲೆ ಮೊದಲನೇ ರೆಕಾರ್ಡಿಂಗು. ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ಇಷ್ಟು ಜನರನ್ನ ಇನ್ನೊಂದ್ಸಲ ಸೇರಿಸೋಕಾಗಲ್ಲ, ಸೇಫ್ಟಿಗೆ ಅಂತ ನಿಮ್ಮ ಶಿಷ್ಯೇನ ಪಕ್ಕದಲ್ಲಿ ಕೂರಿಸಿದೀನಿ, ನೀವು ಒಂಚೂರು ತಡವರಿಸಿದ್ರೂ ಅವಳು ಎತ್ಕೋತಾಳೆ, ಅಂದಿದ್ದ ಸಂಗೀತ ನಿರ್ದೇಶಕ, ನಗುನಗುತ್ತಲೇ, ಸ್ಟೆಪ್ನಿ ಇರೋ ಗಾಡಿ ಧೈರ್ಯವಾಗಿ ಓಡುತ್ತೆ ಬಿಡಪ್ಪ, ಅಂದಿದ್ದ ಇವನೂ, ನಗುನಗುತ್ತಲೇ, ಅವಳು ಎತ್ಕೊಂಡರೆ ನಾಳೆಯಿಂದ ಫೋನೆಲ್ಲ ಅವಳಿಗೇ ಎಂಬುದು ಇಬ್ಬರಿಗೂ ಗೊತ್ತಿತ್ತು, ದೊಡ್ಡಮ್ಮ, ಎರಡು ಮೂರು ನಾಲ್ಕು, ಸ್ಟೆಪ್ನಿ ಬಲಗಡೆ ಕೂತಿದ್ದಾಳೆ, ಮಡಿಲಲ್ಲಿ ಅವಳ ಟ್ರಂಪೆಟ್, ಬರಿಗಾಲು, ಎಲ್ಲರದೂ ಬರಿಗಾಲೇ, ಕಿರುಗುಟ್ಟುವ ಚಪ್ಪಲಿಯೂ ಮೈಕಿಗೆ ಬೀಳುತ್ತದೆ ಅಂತ ಕುರ್ಚಿ ಕೆಳಗೆ ಬಿಡಿಸಿ ಕೂರಿಸುತ್ತಾರೆ. ಇವನ ಕ್ಲಾಸಿಗೆ ಬಂದ ಮೊದಲ ವರ್ಷವೆಲ್ಲ ಕೀರಲು ಬಿಟ್ಟು ಬಿಟ್ಟು ಅವಳಿಗೆ ಕೀರಲು ಅಂತಲೇ ಹೆಸರಾಗಿತ್ತು, ಏಯ್ ಕೀರಲು, ಅನ್ನುತ್ತಿದ್ದ ಇವನು, ಅಂಕಿ ಎಣಿಸಬೇಡ ಕಣಮ್ಮ, ಎಣಿಸಿದವರೆಲ್ಲ ಹನ್ನೊಂದೋ ಹನ್ನೆರಡೋ ಅಂತ ಎಡವಿ ಬೀಳ್ತಾರೆ, ದೊಡ್ಡಪ್ಪನನ್ನ ದೊಡ್ಡಮ್ಮ ಅಂದ್ಕೊಂಡು ಎಡವಿದವರನ್ನ ಯಾರಾದ್ರೂ ಕಂಡಿದೀರಾ, ನಾಲ್ಕು ಏಟಿಗೊಂದು ಬಾರ್, ಬಾರಿಗೊಬ್ಬ ನೆಂಟ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ಸೋದರತ್ತೆ, ಚಿಕ್ಕಪ್ಪ, ಎಂಟನೇದು ಖಾಲಿ, ಅದು ಉಸಿರಿಗೆ. ಮೊದಲ ಸುತ್ತಿನಲ್ಲಿ ಎಲ್ಲರೂ ಬಂದು ಕೂರ್ತಾರೆ, ಎರಡನೇದರಲ್ಲಿ ಉಣ್ತಾರೆ, ಮೂರನೇದರಲ್ಲಿ ಗೊರಕೆ, ನಾಲ್ಕನೇದರಲ್ಲಿ ಬಾಗಿಲ ಹತ್ತಿರ ಚಪ್ಪಲಿ ಹಾಕ್ಕೋತಾರೆ, ಚಿಕ್ಕಪ್ಪ ಚಪ್ಪಲಿ ಹಾಕ್ಕೊಂಡ ಮೇಲೆ ಉಸಿರು ತಗೋ, ಊದು, ನೆಂಟರನ್ನ ಕಳಿಸಿದ ಖುಷಿ ಇದೆಯಲ್ಲ, ಅದರಲ್ಲಿ ಊದು!

ಸೋದರತ್ತೆ, ಎರಡು ಮೂರು ನಾಲ್ಕು, ಉಣ್ಣಲು ಕೂತಳು ಮಹಾತಾಯಿ, ಅವನು ಹುಡುಗನಾಗಿದ್ದಾಗ ಊದೋ ಚಪಲ ಇದ್ರೆ ಒಲೆ ಊದೋ, ನೀರಾದ್ರೂ ಕಾಯುತ್ತೆ ಅಂದವಳು, ಮೂವತ್ತೆರಡು ಬಾರ್ ಸುಮ್ಮನೆ ಕೂತಿದ್ದೆ ಅತ್ತೆ ಅಂದರೆ ಎದೆ ಬಡಿದುಕೊಂಡವಳು, ಅಯ್ಯೋ ನಿನ್ನ ಮುಖ ಮುಚ್ಚ, ಒಂದೇ ಬಾರಲ್ಲಿ ಕೂತೋರು ನೆಟ್ಟಗೆ ಮನೆಗೆ ಬರಲ್ಲ, ನೀನು ಮೂವತ್ತೆರಡಾ! ಅವಳದ್ದು ಗಂಟಲಲ್ಲ, ಹಿತ್ತಾಳೆ, ಅವಳ ಬೈಗುಳವೇ ಅವನಿಗೆ ಮೊದಲ ಕೆಲಸ ಕೊಡಿಸಿದ್ದು, ದೊಡ್ಡ ಹೋಟೆಲಿನ ಜಾಝ್ ಬ್ಯಾಂಡು, ಕಪ್ಪು ಕನ್ನಡಕದ ಯಜಮಾನ, ಏನು ಬಾರಿಸ್ತೀಯಾ ಅಂತ ಕೇಳಿದ್ದೇ ತಡ ಕಲಿತದ್ದೆಲ್ಲ ತಲೆಯಿಂದ ಜಾರಿಹೋಯಿತು, ಅಡುಗೆಮನೆ ಬಾಗಿಲಲ್ಲಿ ಕಟ್ಟಿಕೊಂಡ ಸಿಂಕಿಗೆ ಒತ್ತುವ ರಬ್ಬರ್ ಬಟ್ಟಲು ಕಾಣಿಸಿತು, ಕೈ ತಾನಾಗಿ ಅದನ್ನು ಎಳೆದುಕೊಂಡಿತು, ಟ್ರಂಪೆಟ್ಟಿನ ಬಾಯಿಗೆ ಮುಚ್ಚಿ ತೆಗೆದು, ಮುಚ್ಚಿ ತೆಗೆದು, ವ್ವಾ ವ್ವಾ, ಸೋದರತ್ತೆಯನ್ನು ಬಾರಿಸಿಬಿಟ್ಟ, ಲೋ, ಎಲ್ಲೋ ಹಾಳಾಗಿ ಹೋಗಿದ್ದೆ, ಮೂದೇವಿ, ಬಾರೋ ಇಲ್ಲಿ, ಒಂದಕ್ಷರ ಬಿಡದೆ, ಕೊನೆಗೆ ಅವಳು ಮೂಗು ಎಳೆಯುವುದನ್ನೂ ಬಿಡದೆ, ಪಾತ್ರೆ ತೊಳೆಯುವವರು ಸೋಪುಕೈಯಲ್ಲೇ ಆಚೆ ಬಂದು ನಕ್ಕರು, ಡ್ರಮ್ಮಿನವನು ತಡೆಯಲಾರದೆ ತಾಳ ಹಾಕಿದ, ಯಜಮಾನ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಿಮ್ಮತ್ತೆದು ಏನು ಸ್ವಿಂಗ್, ಏನು ಲಯ ಮಾರಾಯ, ನಾಳೆಯಿಂದ ಬಾ, ಅವರನ್ನೂ ಕರ್ಕೊಂಡು ಬಾ! ಆಮೇಲೆ ಹಿಂದೆ ನೋಡಿದ್ದಿಲ್ಲ, ರಾತ್ರಿ ಬ್ಯಾಂಡು, ಹಗಲು ಸ್ಟುಡಿಯೋ, ಸೋಪಿನ ಜಾಹೀರಾತು, ಖಳನಾಯಕನ ಪ್ರವೇಶ, ನಾಯಕಿಯ ನಿಟ್ಟುಸಿರು, ಆನೆ ಬೇಕೇ ಆನೆ, ಕೆಟ್ಟುನಿಂತ ಲಾರಿ ಬೇಕೇ ಲಾರಿ, ಲೋಕವೆಲ್ಲ ತನ್ನ ತುತ್ತೂರಿ ತಾನೇ ಊದಿಕೊಳ್ಳುವಾಗ ಇವನೊಬ್ಬ ಕಂಡಕಂಡವರ ತುತ್ತೂರಿ ಊದಿಕೊಟ್ಟು ಬಾಳಿದ, ಹೆಸರು ಎಲ್ಲೂ ಬರಲಿಲ್ಲ, ಬಾರದಿದ್ದರೆ ಬೇಡ, ಸೋಪು ಕರಗಿತು, ಟ್ಯೂನು ಕರಗಲಿಲ್ಲ, ಇವತ್ತಿಗೂ ಬಸ್ಸಿನಲ್ಲಿ ಯಾರೋ ಗುನುಗುತ್ತಾರೆ, ಶ್ರುತಿ ತಪ್ಪಿಸಿ, ತಿದ್ದಲು ನಾಲಗೆ ತುರಿಸುತ್ತದೆ. ಊದಿ ಊದಿ ಒಂದು ದಿನ ತುಟಿಯೇ ಊದಿಕೊಂಡಿತು, ಒಳಗಿನ ಸ್ನಾಯು ಹರಿದಿದೆ ಅಂದರು ಡಾಕ್ಟರು, ಹೊಲಿಗೆ ಹಾಕಿದರು, ಇನ್ನು ಮೇಲೆ ನೀವು ಊದೋದು ಬಿಸಿ ಕಾಫಿ ಮಾತ್ರ ಸಾರ್ ಅಂದರು, ಹೆಂಡತಿ ಅಂದಳು, ಹೋಗ್ಲಿ ಬಿಡಿ, ಇಷ್ಟು ವರ್ಷ ಆ ಪೈಪಿಗೆ ಸಿಕ್ಕ ತುಟಿ ಇನ್ಮೇಲಾದ್ರೂ ನಂಗೆ ಸಿಗಲಿ, ಅಂದವಳೇ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತಳು, ನಲ್ಲಿಯ ಶ್ರುತಿ ಯಾವುದು ಹೆಂಡತಿಯದು ಯಾವುದು ಅಂತ ಇವನಿಗೆ ಗೊತ್ತಾಗುವುದಿಲ್ಲವೇ, ಮರುದಿನ ಬರೀ ಮೌತ್‌ಪೀಸು ಬಾಯಿಗಿಟ್ಟ, ಸೊಳ್ಳೆಯ ಹಾಗೆ ಗುಂಯ್, ಆರು ತಿಂಗಳಿಗೆ ನೊಣ, ವರ್ಷಕ್ಕೆ ದುಂಬಿ, ಗೋಡೆಯಾಚೆಯ ಬಾಡಿಗೆಯವರು ಸೊಳ್ಳೆಬತ್ತಿ ಹಚ್ಚಿಕೊಂಡು ಬೈದುಕೊಂಡರು, ಎರಡು ವರ್ಷಕ್ಕೆ ಸೊಳ್ಳೆ ಮತ್ತೆ ಆನೆಯಾಯಿತು, ಘೀಳಿಟ್ಟಿತು, ಸೋದರತ್ತೆ, ಎರಡು ಮೂರು —

ಅಯ್ಯೋ. ಅತ್ತೆ ಇನ್ನೂ ಉಣ್ಣುತ್ತಿದ್ದಾಳೋ, ಗೊರಕೆ ಹೊಡೆಯುತ್ತಿದ್ದಾಳೋ, ಅವಳು ಹೇಗೆ ಬಂದಳು ಈಗ, ಅಪ್ಪ ಎಲ್ಲಿ, ಅಮ್ಮ ಎಲ್ಲಿ, ಪಿಟೀಲುಗಳು ಸುತ್ತು ಸುತ್ತಿಗೂ ಅದನ್ನೇ ಅಳುತ್ತಿವೆ, ಹೆಡ್‌ಫೋನಿನ ಟಿಕ್ ಟಿಕ್ಕಿಗೆ ಏಟು ಗೊತ್ತು, ನೆಂಟರು ಗೊತ್ತಿಲ್ಲ, ಗಾಜಿನಾಚೆ ನಿರ್ದೇಶಕ ಪೆನ್ಸಿಲು ಕಚ್ಚಿಕೊಂಡು ಕತ್ತು ಬಗ್ಗಿಸಿದ್ದಾನೆ, ತುಟಿ ಸರಿಯಾಗಿದೆ, ಹೊಲಿಗೆ ಸರಿಯಾಗಿದೆ, ಉಸಿರು ಬೇಕಾದಷ್ಟಿದೆ, ಮನೆಯವರೇ ಕೈಕೊಟ್ಟರಲ್ಲ! ಬಲಗಡೆ ಏನೋ ಹೊಳೆಯಿತು, ಕೀರಲು ಟ್ರಂಪೆಟ್ ಎತ್ತುತ್ತಿದ್ದಾಳೆ, ಮಡಿಲಿನಿಂದ ಎದೆಗೆ, ಎತ್ಕೋತಿದ್ದಾಳೆ, ಎತ್ಕೊಳ್ಳಲಿ, ಹೇಳಿಕೊಟ್ಟವನು ನಾನೇ, ಅಳುಕಬೇಡ, ಜಾಗ ಕಂಡರೆ ನುಗ್ಗು ಅಂದವನೂ ನಾನೇ, ಇಷ್ಟಾದರೂ ಬಿಟ್ಟುಕೊಡಲು ಮನಸ್ಸಿಲ್ಲ. ಅವನು ತಿರುಗಿ ಅವಳ ತುಟಿ ನೋಡಿದ, ಮುಖ ನೋಡುವ ಅಭ್ಯಾಸವಿಲ್ಲ, ಇಪ್ಪತ್ತು ವರ್ಷ ಶಿಷ್ಯರ ತುಟಿಯನ್ನೇ ನೋಡಿದವನು, ಅವು ಅಲುಗುತ್ತಿವೆ, ಸದ್ದಿಲ್ಲ, ಅಜ್ಜಿ, ಎರಡು ಮೂರು ನಾಲ್ಕು, ಇವಳು ಅಜ್ಜಿಯನ್ನು ಕಂಡವಳಲ್ಲ, ಇವಳು ಹುಟ್ಟುವ ಮುಂಚೆಯೇ ಅಜ್ಜಿ ಹೋಗಿದ್ದಳು, ದೊಡ್ಡಪ್ಪ, ಎರಡು ಮೂರು ನಾಲ್ಕು, ಯಾವ ಸುತ್ತಮ್ಮಾ, ಗೊರಕೆಯೋ ಏನೋ, ಹುಬ್ಬು ಹಾರಿಸಿ ಕೇಳಿದ, ಅವಳು ಅವನ ಕಣ್ಣು ಬಿಡದೆ ಕೆಳಗೆ ಹೆಬ್ಬೆರಳಿನಿಂದ ತಡಕಿ ತಡಕಿ, ಕುರ್ಚಿಯ ಕೆಳಗಿನ ಚಪ್ಪಲಿಯೊಳಗೆ ಮೆಲ್ಲಗೆ ಪಾದ ತೂರಿಸಿದಳು.

ನಾಲ್ಕನೇ ಸುತ್ತು! ದೊಡ್ಡಮ್ಮ ಬಾಗಿಲಿಗೆ ಬಂದಳು, ಅಪ್ಪ ಬಂದ, ಕೀರಲಿನ ಟ್ರಂಪೆಟ್ ಮಡಿಲಿಗೆ ಇಳಿಯಿತು, ಅವನು ಎಡವಿದ್ದು ಕಂಡು ಕಾಲು ತೋರಿಸಲು ಮಡಿಲು ಖಾಲಿ ಮಾಡಿಕೊಂಡಿದ್ದಳೇ ಹೊರತು ಎತ್ತಿಕೊಂಡದ್ದಲ್ಲ, ಅಮ್ಮ ಬಂದಳು, ಎರಡು ಮೂರು ನಾಲ್ಕು, ಅವನಿಗೆ ನಗು ಉಕ್ಕುತ್ತಿದೆ, ಈ ಊರಿನ ಎಷ್ಟು ಸ್ಟುಡಿಯೋದಲ್ಲಿ, ಎಷ್ಟು ಬ್ಯಾಂಡಿನಲ್ಲಿ, ಇವನ ಕೈಕೆಳಗೆ ಕಲಿತ ಎಷ್ಟು ಜನ ಈ ಹೊತ್ತಿನಲ್ಲಿ ಅವನ ಮನೆಮಂದಿಯನ್ನು ಕೂರಿಸಿ ಉಣಿಸಿ ಮಲಗಿಸಿ ಕಳಿಸುತ್ತಿದ್ದಾರೋ, ಅತ್ತೇ, ಒಲೆ ಊದೋ ಅಂದೆಯಲ್ಲ, ನೋಡೇ, ನೀನಿಲ್ಲದೆ ಈಗ ಯಾರೂ ಊದೋ ಹಾಗೇ ಇಲ್ಲ, ಸೋದರತ್ತೆ ಬಂದಳು, ಬೈದುಕೊಂಡೇ ಚಪ್ಪಲಿ ಹುಡುಕಿದಳು, ಚಿಕ್ಕಪ್ಪ ಒಂದು ಕಾಲು, ಇನ್ನೊಂದು ಕಾಲು, ಟ್ರಂಪೆಟ್ ಮೇಲೆದ್ದಿತು, ಮೌತ್‌ಪೀಸಿನ ತಣ್ಣನೆಯ ಉಂಗುರ ಹೊಲಿಗೆಗೆ ತಾಗಿತು, ಇದು ಉಸಿರಿನ ಬಾರ್, ಇಲ್ಲಿ ಯಾರೂ ಇಲ್ಲ, ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡ, ಯಾರೂ ಇಲ್ಲದ ಬಾರಿನಲ್ಲಿ ಕೀರಲಿನ ತುಟಿ ಸುಮ್ಮನಿರಬೇಕು, ಸುಮ್ಮನಿಲ್ಲ, ಕೂಡಿತು, ಬಿರಿಯಿತು, ಮುಂದೆ ಬಂದು ದುಂಡಗಾಯಿತು, ಏನದು, ಅವನು ಯಾರನ್ನೂ ಕೂರಿಸದ ಜಾಗದಲ್ಲಿ ಈ ಹುಡುಗರು ಯಾರನ್ನು ತಂದು ಕೂರಿಸಿದ್ದಾರೆ — ಪಿಟೀಲುಗಳು ನಿಂತವು, ಊದಿದ, ಮೊದಲ ಸ್ವರ ಹೊಲಿಗೆಯನ್ನು ದಾಟಿ ಎಣ್ಣೆಯಂತೆ ಜಾರಿತು, ಏರಿತು, ಒಡೆಯಲಿಲ್ಲ, ಇನ್ನೂ ಏರಿತು, ಗಾಜಿನಾಚೆ ಕಚ್ಚಿದ ಪೆನ್ಸಿಲು ಬಾಯಿಂದ ಬಿತ್ತು, ಆನೆಯಲ್ಲ, ಲಾರಿಯಲ್ಲ, ಅತ್ತೆಯೂ ಅಲ್ಲ, ಯಾರ ದನಿಯೂ ಅಲ್ಲದ ಈ ದನಿ ಮಾಡಿನವರೆಗೆ ತುಂಬಿಕೊಂಡು ನಿಂತೇ ಇದೆ, ಉಸಿರು ಇನ್ನೂ ಇದೆ, ಇನ್ನೂ ಇದೆ, ಕಣ್ಣ ಮುಂದೆ ಆ ತುಟಿ, ಕೂಡಿತು, ಬಿರಿಯಿತು, ದುಂಡಗಾಯಿತು, ಮೇಷ್ಟ್ರು, ಎರಡು ಮೂರು ನಾಲ್ಕು, ಕೂಡಿತು, ಬಿರಿಯಿತು, ದುಂಡಗಾಯಿತು, ಮೇಷ್ಟ್ರು