ತಗ್ಗಿಗಿಟ್ಟ ಹೆಸರು

ಮೈಕಿನ ಮುಂದೆ ಕನಕರಾಜ ಸರ್ ಅವರ ಗದ್ದ ನಡುಗುತ್ತಿದೆ, ಭಾವುಕರಾಗಿದ್ದಾರಂತೆ, ಪಕ್ಕದ ಕುರ್ಚಿಯ ಮೀನಾಕ್ಷಿ ಮೇಡಂ ಆಗಲೇ ಕರ್ಚೀಫು ತೆಗೆದರು — ಅಂಟಾರ್ಕ್ಟಿಕಾದ ಪರ್ವತಸಾಲಿನ ಮೇಲೆ ಸರ್ ಪುಸ್ತಕ ಬರೆದಿದ್ದಾರೆಂದರೆ ರಾಣೇಬೆನ್ನೂರಿನ ಈ ಸಭಾಂಗಣವೆಲ್ಲ ಕರಗಲೇಬೇಕಲ್ಲ, ಕಾರ್ತೀಕದ ತಂಪಿಗೇ ಕಿವಿಗೆ ಮಫ್ಲರ್ ಸುತ್ತುವ ಮನುಷ್ಯ ಮೈನಸ್ ನಲವತ್ತರ ಗಾಳಿಯನ್ನು ಬಣ್ಣಿಸುತ್ತಾನೆ, ಇವರು ಕೇಳುತ್ತಾರೆ, ಥೂ ಎಂದುಕೊಂಡಳು ಸುನಿತಾ. ಅವಳ ಮಡಿಲಲ್ಲೂ ಆ ಪುಸ್ತಕ, ಒಳಪುಟದಲ್ಲಿ ಇರುವೆಯಷ್ಟು ಅಕ್ಷರ, ನಕ್ಷೆ: ಸುನಿತಾ, ಅತಿಥಿ ಉಪನ್ಯಾಸಕಿ. ಎಂಟು ತಿಂಗಳು ವಿಮಾನದಿಂದ ತೆಗೆದ ಹಳೆಯ ಫೋಟೋಗಳ ಮೇಲೆ ಮಸೂರ ಹಿಡಿದು ಕಣ್ಣು ಕಳೆದುಕೊಂಡವಳು ಅವಳು, ಶಾಲು ಹೊದ್ದವನು ಅವನು, ಇರಲಿ, ಶಾಲಿನ ಮಾತಲ್ಲ, ಫೋಟೋದೊಳಗಿನ ಆ ಕಪ್ಪು ನೆರಳಿನ ಮಾತು. ಧ್ರುವದಲ್ಲಿ ಸೂರ್ಯ ನೆತ್ತಿಗೇರುವುದೇ ಇಲ್ಲ, ಓರೆಬಿಸಿಲು, ಉದ್ದ ನೆರಳು, ಫೋಟೋ ತಲೆಕೆಳಗಾದರೆ ಕಣ್ಣು ಮೋಸಹೋಗಿ ತಗ್ಗು ಗುಡ್ಡವಾಗಿ ಕಾಣುತ್ತದೆ, ಈ ಮಹಾಪಂಡಿತ ಮೂಲೆಯಲ್ಲಿದ್ದ ಅಂಕಿ ನೆಟ್ಟಗೆ ಕಾಣಲೆಂದು ಫೋಟೋ ತಿರುಗಿಸಿಕೊಂಡ. ಸಾಲುಗುಡ್ಡ ಐತಿ ನೋಡವಾ, ಎದ್ದು ಕಾಣಾಕತ್ತೈತಿ. ಸರ್, ಉಲ್ಟಾ ಹಿಡದೀರಿ, ಅದು ಕಣಿವಿ, ನಡುವ ಹಿಮ ಹರದ ಗೆರಿ ಅದಾವ್ರಿ. ನೀ ನಿನ್ನೆ ಮೊನ್ನೆ ಬಂದಾಕಿ, ನಾ ಇಪ್ಪತ್ತೆಂಟು ವರ್ಷ ಭೂಗೋಳ ಹೇಳೇನಿ. ಗುಡ್ಡದ ನೆತ್ತಿಯ ಮೇಲೆ ಹಿಮನದಿ ಹರಿಸಿದ ಇಪ್ಪತ್ತೆಂಟು ವರ್ಷ.

ಅಗಡಿಯ ಮನೆಯಲ್ಲಿ ಅವ್ವನಿಗೆ ತೋರಿಸಿದ್ದಳು, ಪೇಪರಿನಲ್ಲಿ ಬ್ಯಾಡಗಿ ಮಾರುಕಟ್ಟೆಯ ಫೋಟೋ, ಬೆಳಗಿನ ಬಿಸಿಲಲ್ಲಿ ಮೆಣಸಿನಕಾಯಿ ರಾಶಿಗಳು, ಪೇಪರ್ ತಿರುಗಿಸಿದಳು, ಅಯ್ಯ, ರಾಶಿಯೆಲ್ಲಾ ತಗ್ಗು ಆದ್ವಲ್ಲ ಅಂದಳು ರೇಣುಕವ್ವ, ಎರಡನೆಯ ಇಯತ್ತೆ ದಾಟದ ಅವ್ವನಿಗೆ ಕಂಡದ್ದು ಸರ್ ಡಾಕ್ಟರೇಟಿಗೆ ಕಾಣಲಿಲ್ಲ. ಕಾಣದಿದ್ದರೆ ಸುಮ್ಮನಿರಬಾರದೇ, ಆ ತಗ್ಗಿಗೆ ತನ್ನಪ್ಪನ ಹೆಸರನ್ನೂ ಇಟ್ಟ, ಈ ಶ್ರೇಣಿಯನ್ನು ನಾವು ಪ್ರೀತಿಯಿಂದ ಸೋಮಪ್ಪ ಶ್ರೇಣಿ ಎಂದು ಕರೆಯೋಣ, ಪುಟ ಅರವತ್ತೊಂದು, ಪಾಪದ ಸೋಮಪ್ಪ, ಸತ್ತ ಮೇಲೂ ತಗ್ಗಿಗೆ ಬಿದ್ದ. ನಗು ಬರಬೇಕು, ಬರುತ್ತಿಲ್ಲ, ಹಿಂದಿನ ಬಾಗಿಲಲ್ಲಿ ಪುಸ್ತಕದ ಕಟ್ಟುಗಳ ಬಳಿ ಪ್ರೆಸ್ಸಿನ ಬಾಬಾಜಾನ ನಿಂತಿದ್ದಾನೆ. ಕೊನೆಯ ಪ್ರೂಫು ಹಿಡಿದು ಕೇಳಿದವನು ಅವನೊಬ್ಬನೇ, ಅಕ್ಕಾರ, ನಕ್ಷಾದಾಗ ಗುಡ್ಡ ಅಂತೈತಿ, ಫೋಟೋ ತಿರುವಿ ಹಿಡದ್ರ ನನಗ್ಯಾಕೋ ತಗ್ಗು ಕಾಣತೈತಿ, ಖರೇ ಯಾವ್ದರಿ? ಮೇಜಿನ ಮೇಲೆ ಪೆನ್ನಿತ್ತು, ಕಿವಿಯಲ್ಲಿ ಸರ್ ದನಿ, ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ನನ್ನ ಕಡೇನ ಐತಿ ಸುನಿತಾ, ನೆನಪಿರ್ಲಿ. ಸರಿ ಇದೆ ಎಂದು ಬರೆದು ಸಹಿ ಹಾಕಿದಳು. ಬಾಬಾಜಾನ ಪ್ರೂಫು ಮಡಚಿಕೊಂಡು ಹೋದ.

ಈಗ ನಮ್ಮ ಸುನಿತಾ ಎರಡು ಮಾತಾಡ್ತಾಳ, ಎಂದಿತು ಮೈಕು. ಎದ್ದಳು, ಮೆಟ್ಟಿಲು, ಹೂವಿನ ವಾಸನೆ, ಮೂರೇ ಶಬ್ದ ಸಾಕು, ಅದು ಕಣಿವಿ ಐತ್ರಿ, ಹೇಳಿಬಿಟ್ಟರೆ ಮುಗಿಯಿತು, ಪಟ್ಟಿ ಹಾಳಾಗಿ ಹೋಗಲಿ, ಈ ಹೊದ್ದ ಶಾಲು, ಈ ಕರ್ಚೀಫು, ಎಲ್ಲ ಒಮ್ಮೆ ನೆಲಕ್ಕಿಳಿಯಲಿ — ಬಾಯಿ ತೆರೆದಳು, ಯಾವುದು ಗುಡ್ಡ ಯಾವುದು ತಗ್ಗು ಎಂದು ನೋಡಲು ನನಗೆ ಕಲಿಸಿದವರು ನಮ್ಮ ಸರ್, ಎಂಬ ದನಿ ಕೇಳಿಸಿತು, ತನ್ನದೇ ದನಿ, ಚಪ್ಪಾಳೆ, ಸರ್ ಕಣ್ಣೊರೆಸಿಕೊಂಡರು, ಬಾಬಾಜಾನ ಬಗ್ಗಿ ಕಟ್ಟಿನ ದಾರ ಬಿಚ್ಚತೊಡಗಿದ. ಛೀ, ಇವರಿಗೆ ಕಾಣಲಿಲ್ಲ ಅಷ್ಟೆ, ನೀನು ಕಂಡವಳು, ನಿನಗಿಂತ ಆ ಮಫ್ಲರೇ ವಾಸಿ. ಕುರ್ಚಿಗೆ ಮರಳಿ ಪುಸ್ತಕ ತೆರೆದಳು, ಅದೇ ಫೋಟೋ, ಅದೇ ಕಪ್ಪು ನೆರಳು, ನೆಟ್ಟಗೆ ಹಿಡಿದಳು, ಗುಡ್ಡ, ತಿರುಗಿಸಿದಳು, ಈಗ ಕಣಿವೆ ಕಾಣಬೇಕು, ಎಂಟು ತಿಂಗಳು ಕಂಡದ್ದು, ಕಣ್ಣು ಉಜ್ಜಿ ಮತ್ತೆ ತಿರುಗಿಸಿದಳು, ಕಪ್ಪು ನೆರಳು, ಗುಡ್ಡ, ಹೇಗೆ ಹಿಡಿದರೂ ಗುಡ್ಡವೇ.