ವಾಪಸ್ ಬಂದ ಮೂಟೆಗಳು

"ಥೂ! ಹದ್ದಿನಕಣ್ಣಿ ಅಂತೆ ಹದ್ದಿನಕಣ್ಣಿ! ನಿನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ, ಮುದಿ ಗೊಡ್ಡೇ? ಹಡಗಿಗೆ ಏರಿಸಿದ ಮಾಲೆಲ್ಲ ವಾಪಸ್ ಬಂತಲ್ಲೇ!"

ಮೇಸ್ತ್ರಿ ಒಂದು ಹಿಡಿ ಕಡಲೆಬೀಜ ತೆಗೆದು ಮುದುಕಿಯ ಮುಖಕ್ಕೆ ಎರಚಿದ. ಗೋದಾಮಿನಲ್ಲಿ ಸಾಲಾಗಿ ಕೂತು ಬೀಜ ಆರಿಸುತ್ತಿದ್ದ ಹೆಂಗಸರು ಯಾರೂ ತಲೆ ಎತ್ತಲಿಲ್ಲ.

ಬೂಷ್ಟು ಹಿಡಿದ ಬೀಜವನ್ನು ನೋಡಿದೊಡನೆ ಪತ್ತೆ ಮಾಡುತ್ತಿದ್ದಳೆಂದು ಮುದುಕಿಗೆ ಬಂದ ಹೆಸರು ಹದ್ದಿನಕಣ್ಣಿ. ಅನುಮಾನವಾದರೆ ಒಂದನ್ನು ಕಚ್ಚಿ ಉಗಿಯುತ್ತಿದ್ದಳು. ಕಹಿ ಇದ್ದರೆ ಆ ಮೂಟೆ ಮೂಲೆಗೆ.

"ಮೂಲೆಗಿಟ್ಟಿದ್ದನ್ನ ತೂಕ ಸಾಲಲ್ಲ ಅಂತ ಒಳ್ಳೇದರ ಜೊತೆ ಬೆರೆಸಿದ್ದು ನೀವೇ ಅಲ್ವಾ ಅಣ್ಣ?"

"ಮುಚ್ಚೇ ಬಾಯಿ, ರಂಡೆ!"

ಮಧ್ಯಾಹ್ನ ತಪಾಸಣೆಯ ಅಧಿಕಾರಿ ಬಂದ. ಗೋದಾಮಿನ ಸಾಹುಕಾರ ಅವನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಕೈಕಟ್ಟಿ ನಿಂತ.

"ಹದಿನೇಳು ದೇಶದೋರು ಕೂತು ಒಪ್ಪಂದ ಮಾಡ್ಕೊಂಡಿದಾರೆ. ಬೂಷ್ಟಿನ ವಿಷ ಇಷ್ಟಕ್ಕಿಂತ ಜಾಸ್ತಿ ಇದ್ರೆ ಯಾರೂ ತಗೋಬಾರ್ದು ಅಂತ. ನಮ್ಮೋರೂ ಸಹಿ ಹಾಕಿದಾರೆ" ಎಂದ ಅಧಿಕಾರಿ. "ಆದ್ರೆ ಅದು ಗಡಿ ದಾಟೋ ಮಾಲಿಗೆ. ಒಳಗೇ ಮಾರ್ಕೊಳ್ಳಿ, ಯಾರು ಕೇಳ್ತಾರೆ?" ಕಾಗದಕ್ಕೆ ಮೊಹರು ಬಿತ್ತು.

ಹದ್ದಿನಕಣ್ಣಿಗೆ ತಡೆಯಲಾಗಲಿಲ್ಲ. "ಸ್ವಾಮಿ, ಅವರ ಹೊಟ್ಟೆಗೆ ವಿಷ ಆಗಿದ್ದು ನಮ್ಮ ಹೊಟ್ಟೆಗೆ ಆಗಲ್ವಾ?"

"ನಿಮ್ಮದು ಕಲ್ಲು ತಿಂದು ಕರಗಿಸೋ ಹೊಟ್ಟೆ ಕಣಮ್ಮ!" ಎಂದು ಅವನು ನಕ್ಕ. ಸಾಹುಕಾರನೂ ನಕ್ಕ. ಸಾಹುಕಾರ ನಕ್ಕಮೇಲೆ ಮೇಸ್ತ್ರಿಯೂ ನಗಬೇಕಾಯಿತು.

ಸಂಜೆಯೊಳಗೆ ಬೀಜವನ್ನೆಲ್ಲ ಹೊಸ ಚೀಲಕ್ಕೆ ಸುರಿದು ಬಾಯಿ ಹೊಲಿಯಬೇಕಿತ್ತು. ಯಾವ ಕಡೆಗೆ ಎಂದು ಮುದುಕಿ ಲಾರಿಯವನನ್ನು ಕೇಳಿದಳು. ಶಾಲೆಗಳಿಗೆ, ಮಕ್ಕಳ ಊಟಕ್ಕೆ ಎಂದ. ಮೊದಲ ಸರದಿ ಕಾಲುವೆ ಪಕ್ಕದ ಶಾಲೆಯದು. ಅವಳ ಮೊಮ್ಮಗಳು ಓದುವುದು ಅಲ್ಲೇ. ಮುದುಕಿ ಮೇಸ್ತ್ರಿಯತ್ತ ಕೈಮುಗಿದಳು.

"ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ. ಮಕ್ಕಳಿಗೆ ಮಾತ್ರ ಕಳಿಸ್ಬೇಡಿ."

"ಹಂಗಾದ್ರೆ ನಾಳೆಯಿಂದ ನೀನೂ ಬರ್ಬೇಡ, ನಿನ್ನ ಮಗಳೂ ಬರ್ಬೇಡ" ಎಂದ ಮೇಸ್ತ್ರಿ.

ಪಕ್ಕದಲ್ಲೇ ಕೂತಿದ್ದ ಮಗಳು ಮೊಣಕೈಯಿಂದ ತಿವಿದಳು. "ಸುಮ್ನೆ ಹೊಲಿಯಮ್ಮ."

ಮೊಮ್ಮಗಳನ್ನು ಹೆತ್ತವಳೇ ಹಾಗೆಂದ ಮೇಲೆ ಮುದುಕಿ ಇನ್ನಾರಿಗೆ ಹೇಳಿಯಾಳು? ಹೊಲಿದಳು.

ಬೆಳಿಗ್ಗೆ ಮೊಮ್ಮಗಳ ಗಲ್ಲ ಹಿಡಿದು, "ಸ್ಕೂಲಲ್ಲಿ ಕಡಲೆಬೀಜ ಕೊಟ್ರೆ ಒಂದೂ ಬಾಯಿಗೆ ಹಾಕ್ಬೇಡ ಪುಟ್ಟಿ, ನನ್ನಾಣೆ!" ಎಂದಳು. ಯಾರಿಗೂ ಹೇಳಬೇಡವೆಂದೂ ಸೇರಿಸಿದಳು. ಮಾತು ಗೋದಾಮಿಗೆ ಮುಟ್ಟಿದರೆ ಅನ್ನಕ್ಕೇ ಕಲ್ಲು.

ಸಂಜೆ ಮುದುಕಿ ಗೋದಾಮಿನಿಂದ ಮನೆ ಸೇರಿದ ಕೂಡಲೇ ಹುಡುಗಿ ಓಡಿ ಬಂದು ಎರಡೂ ಅಂಗೈ ಬಿಚ್ಚಿ ತೋರಿಸಿದಳು. "ಒಂದೂ ತಿನ್ಲಿಲ್ಲ ಅಜ್ಜಿ, ನಿನ್ನಾಣೆ. ಯಾರಿಗೂ ಹೇಳ್ಲೂ ಇಲ್ಲ."

"ಜಾಣೆ ನನ್ನ ಬಂಗಾರ! ಮತ್ತೆ ಕೊಟ್ಟಿದ್ದನ್ನ ಏನು ಮಾಡ್ದೆ?"

"ನಮ್ಮ ಕ್ಲಾಸಿನ ಪಕ್ಕದ್ಮನೆ ಚಿಕ್ಕೀಗೆ ಕೊಟ್ಟೆ. ಅವಳು ನಂದೂ ತಿಂದ್ಲು, ಅವಳದ್ದೂ ತಿಂದ್ಲು."

ಚಿಕ್ಕಿಯ ತಾಯಿ ಗೋದಾಮಿನಲ್ಲಿ ದಿನವೂ ಹದ್ದಿನಕಣ್ಣಿಯ ಎದುರಿಗೇ ಕೂತು ಬೀಜ ಆರಿಸುವವಳು. ಗೋಡೆಯಾಚೆ ಅವಳು ಮಗಳನ್ನು ಊಟಕ್ಕೆ ಕರೆಯುತ್ತಿದ್ದಳು.

"ಬೇಡಮ್ಮ," ಚಿಕ್ಕಿಯ ದನಿ ಕೇಳಿಸಿತು, "ಇವತ್ತು ಹೊಟ್ಟೆ ತುಂಬಿದೆ."